ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗೆ: ಎಲ್ಲಿ ರಾತ್ರಿ ರೈಲು, ಎಲ್ಲಿ ಹಗಲು ರೈಲು, ಎಲ್ಲಿ ವಿಮಾನ?

ಪ್ರಶ್ನೆ: ಮೇ ತಿಂಗಳಲ್ಲಿ ನಾವು ನಾಲ್ವರು ಯುರೋಪಿಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು, ಅರವತ್ತೆಂಟು ವರ್ಷದ ಅತ್ತೆ. ಬೆಂಗಳೂರಿನಿಂದ ಪ್ಯಾರಿಸ್‌ಗೆ ಹೋಗಿ, ಲೂಸರ್ನ್, ವೆನಿಸ್, ವಿಯೆನ್ನಾ ನೋಡಿಕೊಂಡು ಆಮ್‌ಸ್ಟರ್‌ಡ್ಯಾಮ್‌ನಿಂದ ವಾಪಸಾಗುವ ಯೋಚನೆ. ಅತ್ತೆಗೆ ಮಂಡಿನೋವು, ಶುದ್ಧ ಸಸ್ಯಾಹಾರ. ಟ್ರಾವೆಲ್ಸ್‌ನವರು ಎಲ್ಲ ಕಡೆಗೂ ವಿಮಾನವೇ ಸಲೀಸು ಎನ್ನುತ್ತಾರೆ. ತಮ್ಮನೋ, ಎಲ್ಲ ಕಡೆಗೂ ರಾತ್ರಿ ರೈಲು ಹಿಡಿಯಿರಿ, ಹೋಟೆಲ್ ಖರ್ಚು ಉಳಿಯುತ್ತದೆ ಎನ್ನುತ್ತಾನೆ. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರ ಮಾತನ್ನೂ ಪೂರ್ತಿ ಕೇಳಬೇಡಿ. ನಿಮ್ಮ ಪ್ರವಾಸದಲ್ಲಿ ನಾಲ್ಕು ಪ್ರಯಾಣಗಳಿವೆ, ನಾಲ್ಕಕ್ಕೂ ಒಂದೇ ಉತ್ತರ ಇಲ್ಲ. ಟಿಕೆಟ್ ಮೇಲೆ ಅಚ್ಚಾದ ಸಮಯ ನೋಡಿ ಹೋಲಿಸಬೇಡಿ. ಒಂದು ಊರಿನ ಹೋಟೆಲ್ ಬಾಗಿಲು ಬಿಟ್ಟಾಗಿನಿಂದ ಇನ್ನೊಂದು ಊರಿನ ಹೋಟೆಲ್ ಬಾಗಿಲು ಮುಟ್ಟುವವರೆಗೆ ಎಚ್ಚರದ ಗಂಟೆಗಳು ಎಷ್ಟು ಖರ್ಚಾಗುತ್ತವೆ, ಅಷ್ಟರಲ್ಲಿ ನಿಮ್ಮ ಅತ್ತೆಯವರು ಎಷ್ಟು ಸಲ ಹತ್ತಿ ಇಳಿಯಬೇಕಾಗುತ್ತದೆ, ಇದನ್ನು ಲೆಕ್ಕ ಹಾಕಿ.

ಮೊದಲು ಪ್ಯಾರಿಸ್–ಲೂಸರ್ನ್. ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ವಿಮಾನದಲ್ಲಿ ಒಂದೂಕಾಲು ಗಂಟೆ ಎಂದು ತೋರಿಸುತ್ತಾರೆ. ಆದರೆ ಹೋಟೆಲ್‌ನಿಂದ ಷಾರ್ಲ್ ದ ಗಾಲ್ ನಿಲ್ದಾಣಕ್ಕೆ ಒಂದು ಗಂಟೆ, ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು, ಇಳಿದ ಮೇಲೆ ಲಗೇಜಿಗೆ ಮುಕ್ಕಾಲು ಗಂಟೆ, ಜ್ಯೂರಿಕ್ ವಿಮಾನ ನಿಲ್ದಾಣದಿಂದ ಲೂಸರ್ನ್‌ಗೆ ರೈಲಿನಲ್ಲಿ ಇನ್ನೊಂದು ಗಂಟೆಗೂ ಮೇಲೆ. ಕೂಡಿಸಿದರೆ ಆರು ಗಂಟೆ ದಾಟುತ್ತದೆ. ಪ್ಯಾರಿಸ್‌ನ ಗಾರ್ ದ ಲಿಯಾಂ ನಿಲ್ದಾಣದಿಂದ ಹೊರಡುವ ಟಿಜಿವಿ ಲಿರಿಯಾ ಎಂಬ ಅತಿವೇಗದ ರೈಲು ಮೂರು ಗಂಟೆ ಚಿಲ್ಲರೆಯಲ್ಲಿ ಬಾಸೆಲ್ ಮುಟ್ಟುತ್ತದೆ, ಅಲ್ಲಿಂದ ಲೂಸರ್ನ್‌ಗೆ ಒಂದು ಗಂಟೆ. ನಿಲ್ದಾಣಕ್ಕೆ ಅರ್ಧ ಗಂಟೆ ಮುಂಚೆ ಹೋದರೆ ಸಾಕು. ಒಟ್ಟು ಐದೂಕಾಲು ಗಂಟೆ. ಇಲ್ಲಿ ಹಗಲು ರೈಲೇ ಸರಿ, ಎರಡನೇ ಯೋಚನೆ ಬೇಡ. ಒಂದೇ ಎಚ್ಚರಿಕೆ: ಟಿಜಿವಿಯ ಬಾಗಿಲು ಹೊರಡುವ ಎರಡು ನಿಮಿಷ ಮುಂಚೆಯೇ ಮುಚ್ಚುತ್ತದೆ. ಒಂದೊಂದು ರೈಲೂ ಬಹಳ ಉದ್ದ, ಎರಡು ಸೆಟ್ ಜೋಡಿಸಿದ್ದರೆ ಸುಮಾರು 400 ಮೀಟರ್. ನಿಮ್ಮ ಬೋಗಿ ಕೊನೆಯಲ್ಲಿದ್ದರೆ ಮಂಡಿನೋವಿನವರಿಗೆ ಆ ನಡಿಗೆಗೇ ಹತ್ತು ನಿಮಿಷ ಬೇಕು.

ಲೂಸರ್ನ್–ವೆನಿಸ್ ಕೂಡ ಹಗಲಿಗೇ ಇರಲಿ. ಲೂಸರ್ನ್‌ನಿಂದ ಮಿಲಾನ್‌ಗೆ ಕೆಲವು ನೇರ ರೈಲುಗಳಿವೆ, ಮೂರೂಕಾಲು ಗಂಟೆಯ ಆಸುಪಾಸು. ಉಳಿದವುಗಳಲ್ಲಿ ಆರ್ಟ್-ಗೋಲ್ಡೌ ಎಂಬಲ್ಲಿ ಬದಲಿಸಬೇಕು. ನೇರ ರೈಲನ್ನೇ ಹುಡುಕಿ ಹಿಡಿಯಿರಿ. ದಾರಿಯಲ್ಲಿ 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೋತಾರ್ಡ್ ಸುರಂಗ ಬರುತ್ತದೆ. ಅದರ ಹೊಟ್ಟೆಯಲ್ಲಿ ಇಪ್ಪತ್ತು ನಿಮಿಷ ಏನೂ ಕಾಣುವುದಿಲ್ಲ, ಆದರೆ ಅದಕ್ಕೂ ಮುಂಚಿನ ಸರೋವರಗಳು, ಆಮೇಲೆ ಲುಗಾನೊ ಕಡೆಯ ಇಳಿಜಾರು ನೋಡಲೇಬೇಕಾದವು. ಮಿಲಾನ್ ಸೆಂಟ್ರಾಲೆಯಿಂದ ವೆನಿಸ್‌ಗೆ ಫ್ರೆಚ್ಚಾರೊಸ್ಸಾ ಎಂಬ ಇಟಲಿಯ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಮಿಲಾನ್‌ನಲ್ಲಿ ಬದಲಿಸಲು ಹದಿನೈದು ನಿಮಿಷ ಸಾಕು ಎಂದು ಆ್ಯಪ್ ತೋರಿಸಿದರೂ ನಂಬಬೇಡಿ, ಒಂದು ಗಂಟೆ ಇಟ್ಟುಕೊಳ್ಳಿ. ಎರಡೂ ರೈಲಿನ ಟಿಕೆಟ್ ಬೇರೆಬೇರೆ ಕೊಂಡಿದ್ದು ಮೊದಲನೆಯದು ತಡವಾದರೆ, ಎರಡನೆಯದಕ್ಕೆ ಯಾರೂ ಜವಾಬ್ದಾರರಲ್ಲ. ಅಗ್ಗದ ದರದ ಟಿಕೆಟ್ ಆದರೆ ಹೊಸದಾಗಿಯೇ ಕೊಳ್ಳಬೇಕಾಗುತ್ತದೆ. ಇಡೀ ದಾರಿಗೆ ಒಂದೇ ಟಿಕೆಟ್ ಇದ್ದರೆ ಮುಂದಿನ ರೈಲಿನಲ್ಲಿ ಕಳಿಸುವ ಹೊಣೆ ರೈಲ್ವೆಯದು. ವೆನಿಸ್‌ನಲ್ಲಿ ಎರಡು ನಿಲ್ದಾಣಗಳಿವೆ: ಮೆಸ್ತ್ರೆ ಮುಖ್ಯ ಭೂಭಾಗದ ಮೇಲಿನದು, ಸಾಂತಾ ಲೂಚಿಯಾ ದ್ವೀಪದ ಮೇಲಿನದು. ಹೋಟೆಲ್ ಎಲ್ಲಿದೆ ನೋಡಿ ಇಳಿಯಿರಿ.

ಈಗ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಪ್ರಯಾಣ, ವೆನಿಸ್–ವಿಯೆನ್ನಾ. ಇಲ್ಲಿ ಮೂರೂ ಆಯ್ಕೆಗಳು ಸಮಬಲದವು.

ವಿಮಾನದಲ್ಲಿ ಹಾರಾಟ ಒಂದು ಗಂಟೆ ಸ್ವಲ್ಪ ಮೇಲೆ, ಬಾಗಿಲಿನಿಂದ ಬಾಗಿಲಿಗೆ ಐದೂವರೆ ಗಂಟೆ. ಹಗಲು ರೈಲು, ಅಂದರೆ ಆಸ್ಟ್ರಿಯಾದ ರೈಲ್‌ಜೆಟ್, ಸುಮಾರು ಏಳು ಗಂಟೆ, ಎರಡೂ ತುದಿ ಸೇರಿಸಿ ಎಂಟು. 2025ರ ಡಿಸೆಂಬರ್‌ನಲ್ಲಿ 33 ಕಿಲೋಮೀಟರ್‌ನ ಕೊರಾಲ್ಮ್ ಸುರಂಗ ತೆರೆದ ಮೇಲೆ ಈ ದಾರಿಯ ಕ್ಲಾಗನ್‌ಫುರ್ಟ್ ಕಡೆಯ ರೈಲುಗಳ ಸಮಯ ಬಹಳ ಇಳಿದಿದೆ, ಹಳೆಯ ಲೇಖನಗಳಲ್ಲಿ ಕಾಣುವ ಎಂಟು ಗಂಟೆಯ ಲೆಕ್ಕ ಈಗ ಹಿಡಿಯಬೇಡಿ. ರಾತ್ರಿ ರೈಲು ಆಸ್ಟ್ರಿಯಾ ರೈಲ್ವೆಯ ನೈಟ್‌ಜೆಟ್. ರಾತ್ರಿ ಒಂಬತ್ತರ ಸುಮಾರಿಗೆ ವೆನಿಸ್ ಬಿಟ್ಟು ಬೆಳಿಗ್ಗೆ ಎಂಟರ ಆಸುಪಾಸಿಗೆ ವಿಯೆನ್ನಾ ಹಾಪ್ಟ್‌ಬಾನ್‌ಹೋಫ್, ಅಂದರೆ ಮುಖ್ಯ ರೈಲು ನಿಲ್ದಾಣ, ತಲುಪುತ್ತದೆ. ಹಗಲು ರೈಲಿಗಿಂತ ನಿಧಾನ, ಅದೂ ಬೇಕೆಂದೇ: ನಡುರಾತ್ರಿಯಲ್ಲಿ ಯಾರೂ ಇಳಿಯಬೇಕಾಗಬಾರದು ಎಂದು ಸುತ್ತು ದಾರಿ, ಉದ್ದ ನಿಲುಗಡೆ ಇಟ್ಟಿರುತ್ತಾರೆ.

ರಾತ್ರಿ ರೈಲಿನಲ್ಲಿ ಮೂರು ತರಗತಿ. ಬರೀ ಸೀಟಿನದು ಆರು ಜನರ ಕೋಣೆ. ಅಗ್ಗವೆಂದು ಅದನ್ನು ಕೊಳ್ಳಬೇಡಿ, ಅತ್ತೆಯವರ ಮಂಡಿಗೂ ಮಗಳ ನಿದ್ದೆಗೂ ಅದು ಆಗಿಬರುವುದಿಲ್ಲ. ಎರಡನೆಯದು ಕುಶೆಟ್, ನಾಲ್ಕು ಅಥವಾ ಆರು ಬರ್ತಿನ ಕೋಣೆ. ನಮ್ಮ ಎ.ಸಿ. ತ್ರೀ-ಟಯರ್‌ಗೆ ಬಾಗಿಲು ಹಾಕಿ ಒಳಗಿನಿಂದ ಬೀಗ ಹಾಕಿಕೊಂಡಂತೆ. ದಿಂಬು, ಹೊದಿಕೆ, ಹಾಸು ಕೊಡುತ್ತಾರೆ. ಮೂರನೆಯದು ಸ್ಲೀಪರ್, ಒಬ್ಬರಿಗೆ, ಇಬ್ಬರಿಗೆ ಅಥವಾ ಮೂವರಿಗೆ. ಇದನ್ನು ನಮ್ಮ ಸ್ಲೀಪರ್ ಕ್ಲಾಸ್ ಎಂದುಕೊಂಡು ಕೆಳದರ್ಜೆ ಎಂದು ಬಿಟ್ಟುಬಿಡುವವರಿದ್ದಾರೆ. ಅಲ್ಲಿ ಅದೇ ಮೇಲ್ದರ್ಜೆ: ನಿಜವಾದ ಹಾಸಿಗೆ, ಕೋಣೆಯೊಳಗೇ ಕೈತೊಳೆಯುವ ಸಿಂಕು. ಡಿಲಕ್ಸ್ ಆದರೆ ಶವರ್, ಟಾಯ್ಲೆಟ್ ಕೂಡ ಒಳಗೇ. 2023ರ ಕೊನೆಯಲ್ಲಿ ಬರತೊಡಗಿದ ಹೊಸ ಬೋಗಿಗಳಲ್ಲಿ ಒಬ್ಬೊಬ್ಬರಿಗೇ ಮುಚ್ಚಿಕೊಳ್ಳುವ ಮಿನಿ ಕ್ಯಾಬಿನ್‌ಗಳಿವೆ. ಒಂಟಿ ಪ್ರಯಾಣಿಕರಿಗೆ ಅವು ಚೆನ್ನ, ಮಗು ಮತ್ತು ಹಿರಿಯರಿರುವ ಕುಟುಂಬಕ್ಕಲ್ಲ. ಎಲ್ಲ ಮಾರ್ಗಗಳಿಗೂ ಹೊಸ ಬೋಗಿ ಇನ್ನೂ ಬಂದಿಲ್ಲ, ಬುಕ್ ಮಾಡುವಾಗ ತೋರಿಸುವ ಚಿತ್ರ ನೋಡಿ ಖಚಿತ ಮಾಡಿಕೊಳ್ಳಿ.

ನಿಮಗೆ ಮೊದಲ ಆಯ್ಕೆ ಇಬ್ಬರ ಸ್ಲೀಪರ್ ಎರಡು. ಒಂದರಲ್ಲಿ ನೀವು ಮತ್ತು ಅತ್ತೆ, ಇನ್ನೊಂದರಲ್ಲಿ ತಂದೆ, ಮಗಳು. ಅತ್ತೆಯವರಿಗೆ ಕೆಳಗಿನ ಬರ್ತು ಎಂದು ಬುಕ್ ಮಾಡುವಾಗಲೇ ಆರಿಸಬೇಕು. ರೈಲು ಹತ್ತಿದ ಮೇಲೆ ಬೇರೆಯವರನ್ನು ಕೇಳಿ ಬದಲಿಸಿಕೊಳ್ಳೋಣ ಎಂದರೆ ನಡೆಯುವುದಿಲ್ಲ. ಮೇಲಿನದಕ್ಕೆ ನೆಟ್ಟಗಿನ ಏಣಿ. ಹಣ ಹೆಚ್ಚಾಯಿತೆನಿಸಿದರೆ ನಾಲ್ಕು ಬರ್ತಿನ ಕುಶೆಟ್ ಪೂರ್ತಿ ನಿಮ್ಮದೇ ಆಗುವಂತೆ ತೆಗೆದುಕೊಳ್ಳಿ, ಆಗ ಅಪರಿಚಿತರು ಇರುವುದಿಲ್ಲ. ಆರು ಬರ್ತಿನದರಲ್ಲಿ ನಾಲ್ಕು ಮಾತ್ರ ಕೊಂಡರೆ ಉಳಿದೆರಡಕ್ಕೆ ಬೇರೆಯವರು ಬರುತ್ತಾರೆ, ಲಗೇಜಿಗೆ ಜಾಗವೂ ಇರುವುದಿಲ್ಲ. ಕುಶೆಟ್‌ನ ತೊಂದರೆ ಇಷ್ಟು: ಬರ್ತುಗಳನ್ನು ಬಿಡಿಸಿದ ಮೇಲೆ ನೆಟ್ಟಗೆ ಕೂರಲಾಗದು, ಟಾಯ್ಲೆಟ್ ಬೋಗಿಯ ತುದಿಯಲ್ಲಿ. ರಾತ್ರಿ ಎರಡು ಮೂರು ಸಲ ಏಳುವವರಿಗೆ ಇದು ಸಣ್ಣ ವಿಷಯವಲ್ಲ.

ನಿಮ್ಮ ತಮ್ಮ ಹೇಳಿದ ಹೋಟೆಲ್ ಉಳಿತಾಯದ ಲೆಕ್ಕವನ್ನೂ ಮಾಡೋಣ. ನೈಟ್‌ಜೆಟ್ ದರಕ್ಕೆ ಸ್ಥಿರ ಪಟ್ಟಿ ಇಲ್ಲ, ಬರ್ತು ತುಂಬಿದಂತೆ ಏರುತ್ತದೆ. ಕುಶೆಟ್ ಬರ್ತು ಒಂದಕ್ಕೆ 70 ಯೂರೋ ಸಿಕ್ಕಿತು ಎಂದುಕೊಳ್ಳಿ, ನಾಲ್ವರಿಗೆ 280. ಅದೇ ದಿನ ಹಗಲು ರೈಲು ತಲಾ 40 ಯೂರೋ ಆದರೆ 160, ಜೊತೆಗೆ ಹೋಟೆಲ್ ರಾತ್ರಿ ಒಂದಕ್ಕೆ 180, ಒಟ್ಟು 340. ಉಳಿತಾಯ 60 ಯೂರೋ. ಸ್ಲೀಪರ್‌ಗೆ ತಲಾ 130 ಆದರೆ 520, ಉಳಿತಾಯ ಹೋಗಿ 180 ಯೂರೋ ಹೆಚ್ಚುವರಿಯೇ ಆಯಿತು. ನಿಮ್ಮ ದಿನದ ನಿಜವಾದ ದರಗಳನ್ನು ಈ ಜಾಗದಲ್ಲಿಟ್ಟು ನೋಡಿ. ರಾತ್ರಿ ರೈಲು ಹಣ ಉಳಿಸುತ್ತದೆ ಎಂಬ ಮಾತು ಒಂಟಿಯಾಗಿ ಹೋಗುವವರಿಗೆ ಹೆಚ್ಚಾಗಿ ನಿಜ, ನಾಲ್ವರ ಕುಟುಂಬಕ್ಕೆ ಕೆಲವೊಮ್ಮೆ ಮಾತ್ರ. ನಿಮಗೆ ಖಚಿತವಾಗಿ ಉಳಿಯುವುದು ಒಂದು ಹಗಲು. ವಿಯೆನ್ನಾದಲ್ಲಿ ಒಂದು ದಿನ ಹೆಚ್ಚು ಸಿಗುವುದಕ್ಕೆ ಆ ಬೆಲೆ ಕೊಡಬಹುದು ಎಂದೇ ನನ್ನ ಅಭಿಪ್ರಾಯ.

ಆದರೆ ಆ ಹಗಲಿಗೂ ಒಂದು ಕೊಕ್ಕೆ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ವೆನಿಸ್‌ನ ಹೋಟೆಲ್ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಖಾಲಿ ಮಾಡಬೇಕು, ರೈಲು ರಾತ್ರಿ ಒಂಬತ್ತಕ್ಕೆ. ವಿಯೆನ್ನಾದಲ್ಲಿ ಎಂಟಕ್ಕೆ ಇಳಿದರೆ ರೂಮು ಸಿಗುವುದು ಮಧ್ಯಾಹ್ನ ಎರಡು ಮೂರಕ್ಕೆ. ಅಂದರೆ ಎರಡೂ ಕಡೆ ಸೇರಿ ಹದಿನಾರರಿಂದ ಹದಿನೆಂಟು ಗಂಟೆ ಮಲಗಲು ಜಾಗವಿಲ್ಲದೆ ಕಳೆಯಬೇಕು. ನಿಮಗೆ ಪರವಾಗಿಲ್ಲ, ಅತ್ತೆಯವರಿಗೆ ಇದೇ ದೊಡ್ಡ ಕಷ್ಟ. ವೆನಿಸ್‌ನಲ್ಲಿ ಲಗೇಜನ್ನು ಹೋಟೆಲ್‌ನಲ್ಲೋ ಸಾಂತಾ ಲೂಚಿಯಾ ನಿಲ್ದಾಣದ ಲಗೇಜ್ ಕೌಂಟರ್‌ನಲ್ಲೋ ಇಡಿ. ಮೆಟ್ಟಿಲು ಸೇತುವೆಗಳನ್ನು ದಾಟಿಸುವ ಬದಲು ಆ ದಿನ ವಾಪೊರೆಟ್ಟೊ ದೋಣಿಯಲ್ಲೇ ಓಡಾಡಿ. ವಿಯೆನ್ನಾ ಹೋಟೆಲ್‌ಗೆ ಮೊದಲೇ ಬರೆದು ಬೇಗ ಚೆಕ್-ಇನ್ ಕೇಳಿ, ಹೆಚ್ಚುವರಿ ಹಣ ಕೇಳಿದರೂ ಕೊಡಿ. ಅದಕ್ಕೂ ಒಪ್ಪದ ಹೋಟೆಲ್ ಆದರೆ ನಾನು ಹಗಲು ರೈಲನ್ನೇ ಆರಿಸುತ್ತೇನೆ. ವಿಮಾನ ಇಲ್ಲಿ ನನ್ನ ಮೂರನೇ ಆಯ್ಕೆ, ಆದರೆ ಮಂಡಿನೋವು ತೀರಾ ಹೆಚ್ಚಿದ್ದರೆ ಅದೇ ಮೊದಲನೆಯದು: 48 ಗಂಟೆ ಮುಂಚೆ ತಿಳಿಸಿದರೆ ವಿಮಾನ ನಿಲ್ದಾಣದ ಒಳಗಿನಿಂದ ವಿಮಾನದ ಬಾಗಿಲವರೆಗೆ ವೀಲ್‌ಚೇರ್ ಉಚಿತ. ರೈಲಿನಲ್ಲೂ 24 ಗಂಟೆ ಮುಂಚೆ ಕೇಳಿದರೆ ಸಹಾಯ ಕೊಡಬೇಕೆಂಬ ಯುರೋಪಿನ ನಿಯಮವಿದೆ, ಹಳೆಯ ಬೋಗಿಗಳ ಮೆಟ್ಟಿಲು ಮಾತ್ರ ಕಡಿದಾಗಿಯೇ ಇರುತ್ತದೆ. ಕೂಲಿಯವರು ಸಿಗುತ್ತಾರೆಂಬ ಭರವಸೆ ಬೇಡ. ದೊಡ್ಡ ಸೂಟ್‌ಕೇಸ್ ನಾಲ್ಕರ ಬದಲು, ನೀವೇ ಎತ್ತಬಲ್ಲ ಮಧ್ಯಮ ಗಾತ್ರದ ಮೂರು ಸಾಕು.

ಹತ್ತುವಾಗ ಬೋಗಿ ನಂಬರ್ ನೋಡಿಯೇ ಹತ್ತಿ. ಒಂದೇ ನೈಟ್‌ಜೆಟ್‌ನ ಬೋಗಿಗಳು ಬೇರೆಬೇರೆ ಊರಿಗೆ ಹೋಗುವುದುಂಟು. ಸಾಲ್ಜ್‌ಬರ್ಗ್, ವಿಲ್ಲಾಖ್‌ನಂಥ ಜಂಕ್ಷನ್‌ಗಳಲ್ಲಿ ನಡುರಾತ್ರಿ ಬಿಚ್ಚಿ ಜೋಡಿಸುತ್ತಾರೆ. ಆ ಹೊತ್ತಿನ ಎಳೆದಾಟಕ್ಕೆ ಎಚ್ಚರವಾದರೆ ಗಾಬರಿ ಬೇಡ. ಪಾಸ್‌ಪೋರ್ಟ್ ಕೈಗೆಟಕುವಂತಿರಲಿ. ಷೆಂಗೆನ್ ಒಳಗೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ನಡುವೆ, ವಲಸೆ ಕೌಂಟರ್ ಇಲ್ಲವಾದರೂ ಗಡಿಯಲ್ಲಿ ಪೊಲೀಸರು ಬಾಗಿಲು ತಟ್ಟಬಹುದು. ಒಳಗಿನ ಚಿಲಕ ಮತ್ತು ಮೇಲಿನ ಇನ್ನೊಂದು ಕೊಂಡಿ ಎರಡನ್ನೂ ಹಾಕಿಕೊಳ್ಳಿ. ಹಣ, ಫೋನು ದಿಂಬಿನ ಗೋಡೆ ಬದಿಗೆ. ಹಳೆಯ ಕುಶೆಟ್‌ಗಳಲ್ಲಿ ಪ್ಲಗ್ ಪಾಯಿಂಟ್ ಕಡಿಮೆ, ಪವರ್ ಬ್ಯಾಂಕ್ ಒಯ್ಯಿರಿ.

ಊಟದ ವಿಷಯ. ರಾತ್ರಿ ರೈಲಿನಲ್ಲಿ ಬಿಸಿ ಸಸ್ಯಾಹಾರಿ ಊಟ ಸಿಗುತ್ತದೆಂದು ನಂಬಿ ಹತ್ತಬೇಡಿ, ವೆನಿಸ್‌ನಲ್ಲೇ ಊಟ ಮುಗಿಸಿ. ಬೆಳಿಗ್ಗೆ ಕುಶೆಟ್‌ಗೆ ಬನ್ನು, ಬೆಣ್ಣೆ, ಜಾಮ್, ಕಾಫಿ ಅಥವಾ ಟೀ ಕೊಡುತ್ತಾರೆ. ಸ್ಲೀಪರ್‌ಗೆ ಹಿಂದಿನ ರಾತ್ರಿಯೇ ಒಂದು ಪಟ್ಟಿ ಕೊಟ್ಟು ಗುರುತು ಹಾಕಲು ಹೇಳುತ್ತಾರೆ, ಅದರಲ್ಲಿ ಮಾಂಸದವನ್ನು ಬಿಟ್ಟು ಚೀಸ್, ಮೊಸರು, ಹಣ್ಣಿನಂಥವನ್ನು ಆರಿಸಿ. ಮನೆಯ ತಿಂಡಿ ರೈಲಿನಲ್ಲಿ ಧಾರಾಳವಾಗಿ ತಿನ್ನಬಹುದು, ಯಾರೂ ಆಕ್ಷೇಪಿಸುವುದಿಲ್ಲ. ವಿಮಾನಕ್ಕಾದರೆ ಚಟ್ನಿಪುಡಿ ಕೈಚೀಲದಲ್ಲಿ ಹೋಗುತ್ತದೆ. ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ತುಪ್ಪ ದ್ರವದ ಲೆಕ್ಕಕ್ಕೆ ಬರುತ್ತವೆ. 100 ಮಿಲಿಲೀಟರ್‌ಗಿಂತ ದೊಡ್ಡ ಡಬ್ಬಿಯಾದರೆ ತಪಾಸಣೆಯಲ್ಲಿ ಎಸೆಯುವ ಸಂಭವವೇ ಹೆಚ್ಚು. ಚೆಕ್-ಇನ್ ಲಗೇಜಿಗೆ ಹಾಕಿ.

ಕೊನೆಯದು ವಿಯೆನ್ನಾ–ಆಮ್‌ಸ್ಟರ್‌ಡ್ಯಾಮ್. ಇಲ್ಲೂ ನೈಟ್‌ಜೆಟ್ ಇದೆ, ಸುಮಾರು 14 ಗಂಟೆ. ಹಗಲು ರೈಲು ಫ್ರಾಂಕ್‌ಫರ್ಟ್‌ನಲ್ಲಿ ಬದಲಿಸಿಕೊಂಡು ಹನ್ನೊಂದು ಹನ್ನೆರಡು ಗಂಟೆ. ವಿಮಾನ ಎರಡು ಗಂಟೆ, ಬಾಗಿಲಿನಿಂದ ಬಾಗಿಲಿಗೆ ಆರು. ನೀವು ವಿಮಾನದಲ್ಲಿ ಹೋಗಿ. ಹಿರಿಯರಿರುವ ಕುಟುಂಬಕ್ಕೆ ಒಂದು ಪ್ರವಾಸದಲ್ಲಿ ಒಂದೇ ರಾತ್ರಿ ರೈಲು ಸಾಕು. ಎರಡನೆಯದರಲ್ಲಿ ಹೊಸತನ ಇರುವುದಿಲ್ಲ, ದಣಿವು ಮಾತ್ರ ಕೂಡುತ್ತದೆ. ಇನ್ನೊಂದು ಕಾರಣ ಜರ್ಮನಿ. ಜರ್ಮನ್ ರೈಲ್ವೆಯ ದೂರದ ರೈಲುಗಳಲ್ಲಿ 2024ರಲ್ಲಿ ಆರು ನಿಮಿಷದೊಳಗಿನ ವಿಳಂಬದಲ್ಲಿ ತಲುಪಿದ್ದು ಶೇಕಡಾ 62.5 ಮಾತ್ರ. ಹಳಿ ದುರಸ್ತಿ ಎಲ್ಲೆಡೆ ನಡೆಯುತ್ತಿದೆ, ಅದರ ಮೇಲೆ ಹಾಯುವ ರಾತ್ರಿ ರೈಲೂ ತಡವಾಗುತ್ತದೆ. ಬೆಳಿಗ್ಗೆ ಆಮ್‌ಸ್ಟರ್‌ಡ್ಯಾಮ್‌ಗೆ ಇಳಿದು ಅದೇ ದಿನ ಬೆಂಗಳೂರಿನ ವಿಮಾನ ಹತ್ತುತ್ತೇವೆ ಎಂಬ ಯೋಜನೆಯನ್ನಂತೂ ಮಾಡಲೇಬೇಡಿ. ರೈಲಿರಲಿ ವಿಮಾನವಿರಲಿ, ಬೇರೆ ಟಿಕೆಟ್‌ನಲ್ಲಿ ಬಂದವರಿಗೆ ಅಂತರರಾಷ್ಟ್ರೀಯ ವಿಮಾನ ಕಾಯುವುದಿಲ್ಲ. ಒಂದು ರಾತ್ರಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತಂಗಿರಿ. ಬೆಂಗಳೂರಿನ ಟಿಕೆಟ್ ಇನ್ನೂ ಕೊಂಡಿಲ್ಲವಾದರೆ, ಆಮ್‌ಸ್ಟರ್‌ಡ್ಯಾಮ್ ಬಿಟ್ಟು ಫ್ರಾಂಕ್‌ಫರ್ಟ್‌ನಿಂದ ವಾಪಸಾಗುವುದನ್ನೂ ಯೋಚಿಸಿ: ವಿಯೆನ್ನಾದಿಂದ ನೇರ ಐಸಿಇ (ಜರ್ಮನಿಯ ವೇಗದ ರೈಲು) ಆರೂವರೆ ಗಂಟೆ, ಬದಲಿಸುವ ಗೋಜಿಲ್ಲ.

ವಿಮಾನದ ಟಿಕೆಟ್ ಕೊಳ್ಳುವಾಗ ಮೊದಲು ಕಾಣುವ ದರದಲ್ಲಿ ಚೆಕ್-ಇನ್ ಲಗೇಜ್ ಸೇರಿಲ್ಲ ಎಂದೇ ತಿಳಿಯಿರಿ. 23 ಕಿಲೋ ಸೂಟ್‌ಕೇಸಿನ ಹಣ ಟಿಕೆಟ್ ಜೊತೆಗೇ ಕಟ್ಟಿದರೆ ಕಡಿಮೆ, ಕೌಂಟರ್‌ನಲ್ಲಿ ಕಟ್ಟಿದರೆ ಬಹಳ ಹೆಚ್ಚು. ಅಗ್ಗದ ಕಂಪನಿಗಳಲ್ಲಿ ಉಚಿತ ಕೈಚೀಲ 40×30×20 ಸೆಂಟಿಮೀಟರ್‌ನಷ್ಟು ಸಣ್ಣದು. ಅಂಥದೊಂದು ಕಂಪನಿಯಾದ ರಯಾನ್‌ಏರ್‌ನಲ್ಲಿ ಭಾರತೀಯ ಪಾಸ್‌ಪೋರ್ಟ್‌ನವರು ಆನ್‌ಲೈನ್ ಚೆಕ್-ಇನ್ ಮಾಡಿದ ಮೇಲೂ ಕೌಂಟರ್‌ಗೆ ಹೋಗಿ ವೀಸಾ ತೋರಿಸಿ ಒಪ್ಪಿಗೆ ಪಡೆಯಬೇಕು. ಅದನ್ನು ಬಿಟ್ಟು ಗೇಟ್‌ಗೆ ಹೋದವರನ್ನು ಹತ್ತಿಸುವುದಿಲ್ಲ. ನಿಲ್ದಾಣದ ಹೆಸರನ್ನೂ ಪೂರ್ತಿ ಓದಿ: ಪ್ಯಾರಿಸ್ ಎಂದು ಮಾರುವ ಬೋವೆ ನಿಲ್ದಾಣ ಊರಿನಿಂದ 80 ಕಿಲೋಮೀಟರ್ ದೂರ, ವೆನಿಸ್ ಎಂದು ಮಾರುವ ತ್ರೆವೀಸೊ ಸುಮಾರು 30 ಕಿಲೋಮೀಟರ್.

ಏನಾದರೂ ಕೆಟ್ಟರೆ ನಿಮಗೆ ಸಿಗುವುದೇನು? ಯುರೋಪಿನೊಳಗೆ 1500 ಕಿಲೋಮೀಟರ್‌ವರೆಗಿನ ವಿಮಾನ ಮೂರು ಗಂಟೆಗೂ ಹೆಚ್ಚು ತಡವಾಗಿ, ತಪ್ಪು ಕಂಪನಿಯದ್ದೇ ಆದರೆ ತಲಾ 250 ಯೂರೋ. ಹವಾಮಾನದಿಂದಾದರೆ ಇಲ್ಲ. ರೈಲು ಒಂದರಿಂದ ಎರಡು ಗಂಟೆ ತಡವಾದರೆ ಟಿಕೆಟ್‌ನ ಶೇಕಡಾ 25, ಎರಡು ಗಂಟೆ ದಾಟಿದರೆ 50. ನೈಟ್‌ಜೆಟ್‌ನಲ್ಲಿ ಬೇರೊಂದು ತೊಂದರೆಯೂ ಉಂಟು: ಬೋಗಿ ಕೆಟ್ಟು ಸ್ಲೀಪರ್ ಬದಲು ಕುಶೆಟ್ ಬರುವುದು. ದರದ ವ್ಯತ್ಯಾಸ ವಾಪಸು ಬರುತ್ತದೆ, ಅದಕ್ಕೆ ರೈಲಿನ ಸಿಬ್ಬಂದಿಯಿಂದ ಆಗಲೇ ಬರಹದಲ್ಲಿ ಪಡೆಯಿರಿ. ಇಟಲಿಯ ರೈಲು ಮುಷ್ಕರಗಳು ಮೊದಲೇ ಘೋಷಣೆಯಾಗುತ್ತವೆ, ಹೆಚ್ಚಾಗಿ ರಾತ್ರಿ ಒಂಬತ್ತಕ್ಕೆ ಆರಂಭವಾಗಿ ಮರುರಾತ್ರಿ ಒಂಬತ್ತರವರೆಗೆ. ನಿಮ್ಮ ರೈಲು ಹೊರಡುವ ಹೊತ್ತೇ ಅದು! ಹೊರಡುವ ಒಂದು ವಾರ ಮೊದಲು ತಪ್ಪದೆ ನೋಡಿ.

ಹಲವು ದೇಶಗಳ ರೈಲುಗಳಿಗೆ ಒಂದೇ ಆಗುವ ಯುರೇಲ್ ಪಾಸ್ ಬೇಕೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಮ್ಮ ಯೋಜನೆಯಲ್ಲಿ ರೈಲು ಪ್ರಯಾಣ ಮೂರೇ. ಟಿಜಿವಿ, ಫ್ರೆಚ್ಚಾರೊಸ್ಸಾ, ನೈಟ್‌ಜೆಟ್ ಮೂರಕ್ಕೂ ಪಾಸ್ ಮೇಲೆ ಸೀಟು ಅಥವಾ ಬರ್ತಿನ ಹಣ ಬೇರೆ. ಬಿಡಿ ಟಿಕೆಟ್ ಮುಂಚೆಯೇ ಕೊಂಡರೆ ಪಾಸ್ ಬೇಡ.

ಕೊಳ್ಳುವ ಕ್ರಮದಲ್ಲಿ ಎಲ್ಲಕ್ಕಿಂತ ಮೊದಲು ನೈಟ್‌ಜೆಟ್, ಏಕೆಂದರೆ ಮುಗಿದುಹೋಗುವುದು ಅದೇ. ಹಗಲು ರೈಲಿನಲ್ಲಿ ಜಾಗ ಕೊನೆಯ ವಾರದಲ್ಲೂ ಸಿಗಬಹುದು, ಇಬ್ಬರ ಸ್ಲೀಪರ್ ಬೇಗ ಮುಗಿಯುತ್ತದೆ. ಮೇ ತಿಂಗಳಲ್ಲಿ 1ನೇ ತಾರೀಕು, ಈಸ್ಟರ್ ಆದ 39ನೇ ದಿನದ ಗುರುವಾರ, 50ನೇ ದಿನದ ಸೋಮವಾರ (ಕೆಲವು ವರ್ಷ ಇವು ಜೂನ್‌ಗೆ ಹೋಗುತ್ತವೆ) ರಜೆಗಳಿರುತ್ತವೆ. ಆ ವಾರಾಂತ್ಯಗಳನ್ನು ಬಿಟ್ಟು ದಿನ ಗೊತ್ತು ಮಾಡಿ. ಆಸ್ಟ್ರಿಯಾ ರೈಲ್ವೆಯ ಸ್ವಂತ ಆ್ಯಪ್‌ನಲ್ಲೇ ಕೊಳ್ಳಿ, ಅದಕ್ಕೂ ಮೊದಲು ನಿಮ್ಮ ಕಾರ್ಡ್‌ನಲ್ಲಿ ವಿದೇಶಿ ಆನ್‌ಲೈನ್ ವಹಿವಾಟು ಆನ್ ಮಾಡಿಸಿ. ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ವೀಸಾ ಕೈಗೆ ಬರುವವರೆಗೆ ಹಣ ವಾಪಸು ಬರುವ ದರದ ಟಿಕೆಟ್ ಮಾತ್ರ ತೆಗೆದುಕೊಳ್ಳಿ, ಅದು ಸ್ವಲ್ಪ ದುಬಾರಿಯಾದರೂ. ಅರ್ಜಿಯಲ್ಲಿ ಪ್ರತಿ ರಾತ್ರಿಯ ವಸತಿ ತೋರಿಸುವಾಗ ವೆನಿಸ್–ವಿಯೆನ್ನಾ ರಾತ್ರಿಗೆ ಹೋಟೆಲ್ ಇರುವುದಿಲ್ಲ. ಅಲ್ಲಿ ನಾಲ್ವರ ಬರ್ತಿನ ಟಿಕೆಟ್ ನಕಲು ಲಗತ್ತಿಸಿ, ಆ ರಾತ್ರಿ ರೈಲಿನಲ್ಲಿರುತ್ತೇವೆ ಎಂದು ಕವರಿಂಗ್ ಲೆಟರ್‌ನಲ್ಲಿ ದಿನಾಂಕ ಸಮೇತ ಬರೆಯಿರಿ.